ಒತ್ತಿದರೆ ಹಾಯೆನಿಸುತ್ತದಾ, ಬೇಡ ಅನಿಸುತ್ತದಾ?

ಮುಟ್ಟಿನ ಮೊದಲ ದಿನ ಬೆಳಿಗ್ಗೆ ಡೊಂಬಿವಲಿಯಿಂದ ದಾದರ್‌ವರೆಗೆ ಮುಂಬೈ ಲೋಕಲ್‌ನಲ್ಲಿ ನಿಂತುಕೊಂಡು ಹೋಗುವುದು ಹೇಗಿರುತ್ತದೆ ಅಂತ ಇದನ್ನು ಓದುವ ಎಷ್ಟೋ ಜನರಿಗೆ ಹೇಳಬೇಕಾಗಿಲ್ಲ. ಇಲ್ಲಿ ನಮ್ಮ ಮನೆಯಲ್ಲಿ ಮುಟ್ಟಿಗೆ ಮರಾಠಿಯಿಂದ ಬಂದ ಪಾಳಿ ಅನ್ನುವ ಮಾತೇ ರೂಢಿ. ಅಕ್ಕಲಕೋಟೆಯ ನಮ್ಮ ಅಜ್ಜಿ ಮಾತ್ರ ಕೊನೆಯವರೆಗೂ 'ಹೊರಗ ಕುಂತಾಳ' ಅಂತಲೇ ಅನ್ನುತ್ತಿದ್ದಳು. ನನಗೆ 14ನೇ ವರ್ಷದಿಂದ 31ರವರೆಗೆ ಪ್ರತಿ ತಿಂಗಳೂ ಮೊದಲ ಒಂದೂವರೆ ದಿನ ಹೊಟ್ಟೆ ಹಿಂಡುತ್ತಿತ್ತು. ಸೊಂಟ ಕಳಚಿ ಬಿದ್ದ ಹಾಗೆ, ತೊಡೆಯ ಒಳಗೆ ಸೆಳೆತ, ಒಮ್ಮೊಮ್ಮೆ ವಾಂತಿ. ಅಂದರೆ 17 ವರ್ಷ. ಅಷ್ಟು ವರ್ಷದಲ್ಲಿ ನುಂಗಿದ ಮಾತ್ರೆಗಳನ್ನು ನಾನು ಎಣಿಸಿಲ್ಲ.

ಮೂರು ವರ್ಷದ ಹಿಂದೆ, ಜುಲೈ ಮಳೆಯಲ್ಲಿ, ಅಂಥದೇ ಒಂದು ಬೆಳಿಗ್ಗೆ. ಠಾಣೆ ದಾಟಿತ್ತು. ಲೇಡೀಸ್ ಡಬ್ಬಿಯಲ್ಲಿ ಕಂಬ ಹಿಡಿದು ನಿಂತು ಅವ್ವನಿಗೆ ಫೋನ್ ಮಾಡಿ 'ಇವತ್ತ ಭಾಳ ನೂಸಾಕತ್ತೇದವ್ವ' ಅನ್ನುತ್ತಿದ್ದೆ. ಎದುರಿಗೆ ಕೂತಿದ್ದ ಒಬ್ಬ ಹೆಂಗಸು ತಲೆ ಎತ್ತಿ ನೋಡಿದರು. 'ಎಂತ ಮಾರಾಯ್ತಿ, ಮುಟ್ಟಿನ ನೋವಾ? ಇಲ್ಲಿ ಕೂತ್ಕೋ' ಅಂದರು. ಕುಂದಾಪುರದ ಕಡೆಯವರು. ತಮ್ಮ ಸೀಟು ಬಿಟ್ಟುಕೊಟ್ಟು ತಾವು ಮೂವರ ಬೆಂಚಿನ ಅಂಚಿನಲ್ಲಿ ನಾಲ್ಕನೆಯವರಾಗಿ, ಫೋರ್ತ್ ಸೀಟಿಗೆ, ಜರುಗಿ ಕೂತರು. ಆಮೇಲೆ 'ಬಸುರಿ ಅಲ್ಲ ಅಲ್ವಾ?' ಅಂತ ಕಿವಿಯಲ್ಲಿ ಕೇಳಿದರು. ಇಲ್ಲ ಅಂದೆ. ನನ್ನ ಎಡಗೈ ತಗೊಂಡು ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸವನ್ನು ಹಿಡಿದು, ಮೆಲ್ಲಗೆ ಶುರು ಮಾಡಿ, ನಿಧಾನಕ್ಕೆ ಗಟ್ಟಿಯಾಗಿ ಒತ್ತಿದರು. ಒಂದು ಥರ ಭಾರವಾದ, ಮೊಳಕೈವರೆಗೆ ಹರಿಯುವ ನೋವು. ಘಾಟ್ಕೋಪರ್‌ನಿಂದ ಕುರ್ಲಾವರೆಗೆ ಎಡಗೈ, ಕುರ್ಲಾದಿಂದ ದಾದರ್‌ವರೆಗೆ ಬಲಗೈ. ಹೊಟ್ಟೆ ನೋವು ಹೋಗಲಿಲ್ಲ. ಆದರೆ ಬಿಗಿಹಿಡಿದಿದ್ದ ಉಸಿರು ಸಡಿಲವಾಯಿತು. ದಾದರ್‌ನಲ್ಲಿ ಇಳಿಯುವಾಗ ನಂಬರ್ ಕೊಟ್ಟರು.

ನಾನು ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ಠಾಕುರ್ಲಿಯಲ್ಲಿ ಮನೆ. ಮನೆಯ ಮುಂದಿನ ಕೋಣೆಯಲ್ಲೇ ಒಂದು ಮಂಚ, ಒಂದು ಪರದೆ, ಒಂದು ಸ್ಟೂಲು. ಮೊದಲು ಅಕ್ಯುಪಂಕ್ಚರ್, ಅಂದರೆ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ, ಕಲಿತವರು, ಆಮೇಲೆ ಚೀನಾಕ್ಕೆ ಹೋಗಿ ಆರು ತಿಂಗಳು ಅಲ್ಲಿನ ಮಸಾಜ್ ಕಲಿತು ಬಂದವರು. ಆ ಮಸಾಜಿಗೆ ಚೀನೀ ಭಾಷೆಯಲ್ಲಿ ತ್ವೇನಾ ಅನ್ನುತ್ತಾರೆ. ತ್ವೇ ಅಂದರೆ ತಳ್ಳು, ನಾ ಅಂದರೆ ಹಿಡಿ. ಇನ್ನೂ ಹಳೆಯ ಹೆಸರು ಆನ್ಮೋ, ಅಂದರೆ ಒತ್ತು ಮತ್ತು ಸವರು. ನಾನು ಸೊಲ್ಲಾಪುರ ಜಿಲ್ಲೆಯವಳು ಅಂದಾಗ ಅಕ್ಕನ ಮುಖ ಅರಳಿತು. 'ಕೋಟ್ನೀಸರ ಊರಿನವಳಾ!' ಅಂದರು. ಅವರಿಗೆ ಕಲಿಸಿದ ಮೇಷ್ಟ್ರು ಭಾರತದವರು ಅಂದ ಕೂಡಲೇ ಕೇಳಿದ್ದು ಕ ದಿಹ್ವಾ ಅವರನ್ನಂತೆ. ಡಾ. ದ್ವಾರಕಾನಾಥ ಕೋಟ್ನೀಸರಿಗೆ ಚೀನಾದಲ್ಲಿ ಆ ಹೆಸರು. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ, ಮುಂಬೈನಲ್ಲಿ ಡಾಕ್ಟರಿಕೆ ಓದಿ, 1938ರಲ್ಲಿ ಯುದ್ಧದ ಗಾಯಾಳುಗಳಿಗೆ ಶುಶ್ರೂಷೆ ಮಾಡಲು ಹೋದ ಐದು ಜನ ಭಾರತೀಯ ಡಾಕ್ಟರುಗಳಲ್ಲಿ ಒಬ್ಬರಾಗಿ, 1942ರಲ್ಲಿ 32ನೇ ವಯಸ್ಸಿಗೆ ಅಲ್ಲೇ ತೀರಿಕೊಂಡವರು. ಶಾಲೆಯಲ್ಲಿ ನಾವು ಅಷ್ಟು ಓದಿದ್ದೆವು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಮುಂದೆ ಚೀನಾದಿಂದ ಅಕ್ಯುಪಂಕ್ಚರ್ ಕಲಿತು ಬಂದು ಕೋಲ್ಕತ್ತಾದಲ್ಲಿ ಶುರು ಮಾಡಿದರು ಅನ್ನುವುದು ನನಗೆ ಅಕ್ಕ ಹೇಳಿದ ಮೇಲೇ ಗೊತ್ತಾಗಿದ್ದು.

ಮೊದಲ ದಿನ ಅಕ್ಕ ಮುಕ್ಕಾಲು ಗಂಟೆ ನನ್ನನ್ನು ಮುಟ್ಟಲೇ ಇಲ್ಲ. ಬರೀ ಕೇಳಿದರು. ನೋವು ಪಾಳಿ ಶುರುವಾಗುವ ಮುಂಚೆ ಬರುತ್ತದಾ, ಶುರುವಾದ ಮೇಲಾ, ಮುಗಿಯುವ ಹೊತ್ತಿಗಾ? ಹಿಂಡುತ್ತದಾ, ಚುಚ್ಚುತ್ತದಾ, ಕೆಳಗೆ ಎಳೆಯುತ್ತದಾ? ಒಂದೇ ಕಡೆಯಾ, ಓಡಾಡುತ್ತದಾ? ರಕ್ತದ ಬಣ್ಣ ಏನು? ಗಂಟು ಗಂಟು ಹೋಗುತ್ತದಾ? ಗಂಟು ಹೋದ ಮೇಲೆ ನೋವು ಇಳಿಯುತ್ತದಾ? ಬಿಸಿ ನೀರಿನ ಚೀಲ ಇಟ್ಟರೆ ಹೇಗೆ? ಪಾದ ತಣ್ಣಗಿರುತ್ತವಾ? ಆಮೇಲೆ ನಾಲಿಗೆ ನೋಡಿದರು. ಎರಡೂ ಕೈಯ ನಾಡಿ ಹಿಡಿದು ನೋಡಿದರು. ಕೊನೆಗೆ, 'ಹೊಟ್ಟೆ ಒತ್ತಿದರೆ ಹಾಯೆನಿಸುತ್ತದಾ, ಬೇಡ ಅನಿಸುತ್ತದಾ?' ಅಂತ ಕೇಳಿದರು.

ನನಗೆ ಅಳು ಬಂತು. 17 ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಚಿಕ್ಕವಳಿದ್ದಾಗ ತೋರಿಸಿದ ಡಾಕ್ಟರ್ ನನ್ನ ಕಡೆ ನೋಡದೆ ಅವ್ವನಿಗೆ 'ಮದುವೆ ಆದ ಮೇಲೆ ಸರಿಹೋಗುತ್ತದೆ' ಅಂದಿದ್ದರು. ಮದುವೆಯೂ ಆಯಿತು, ಅದು ಸರಿಹೋಗಲಿಲ್ಲ. ಆಫೀಸಿನಲ್ಲಿ ಕೇಳುವುದು ದೂರ ಉಳಿಯಿತು, ಹೇಳುವುದಕ್ಕೇ ಆಗುವುದಿಲ್ಲ, ಸುಮ್ನೆ 'ಹೊಟ್ಟೆ ಕೆಟ್ಟಿದೆ' ಅಂತ ಮೆಸೇಜ್ ಹಾಕಿ ರಜೆ ತಗೊಳ್ಳುತ್ತೇವೆ ಅಲ್ವಾ? ನನ್ನ ನೋವಿಗೆ ಒಂದು ಆಕಾರ ಇದೆ, ಹೊತ್ತು ಇದೆ, ಅದಕ್ಕೆ ಇಷ್ಟವಾಗುವುದು ಮತ್ತು ಆಗದಿರುವುದು ಇದೆ ಅಂತ ನನಗೆ ಗೊತ್ತಾಗಿದ್ದು ಆ ದಿನ. ಬಿಸಿ ಬೇಕು, ಒತ್ತಿದರೆ ಹಿತ, ಗಂಟು ಹೋದರೆ ಹಗುರ. ಅಕ್ಕ ಬರೆದುಕೊಂಡರು.

ಚೀನೀ ವೈದ್ಯದಲ್ಲಿ ಇದಕ್ಕೆ ಒಂದು ಮಾತಿದೆ. ಹರಿದರೆ ನೋವಿಲ್ಲ, ನಿಂತರೆ ನೋವು. ರಕ್ತ ಹರಿಯಬೇಕು, ಅದರ ಜೊತೆ ಚಿ ಅಂತ ಅವರು ಕರೆಯುವ ಶಕ್ತಿಯೂ ಹರಿಯಬೇಕು. ತಂಡಿ ಹೊಕ್ಕರೆ ಹೆಪ್ಪುಗಟ್ಟುತ್ತದೆ, ಮನಸ್ಸು ಬಿಗಿಯಾದರೂ ನಿಲ್ಲುತ್ತದೆ. ಮೈಯಲ್ಲಿ ಶಕ್ತಿ ರಕ್ತ ಎರಡೂ ಕಡಿಮೆ ಇದ್ದರೆ ಪಾಳಿ ಮುಗಿಯುವ ಹೊತ್ತಿಗೆ ಮಂದ ನೋವು ಬರುತ್ತದೆ. ನಂದು ತಂಡಿಯ ಗುಂಪಿನದು ಅಂದರು. ಕೇಳುತ್ತಿದ್ದ ಹಾಗೆ ನನಗೆ ಅಜ್ಜಿ ನೆನಪಾದಳು. ಅವಳೂ 'ತಂಡಿ ಹೊಕ್ಕೇದ' ಅಂತಲೇ ಔಡಲ ಎಲೆಗೆ ಎಣ್ಣೆ ಸವರಿ ತವೆಯ ಮೇಲೆ ಬಾಡಿಸಿ ಹೊಟ್ಟೆಗೆ ಕಾಸುತ್ತಿದ್ದಳು. ಅಕ್ಕಲಕೋಟೆಗೂ ಚೀನಾಕ್ಕೂ ಏನು ಸಂಬಂಧ ಹೇಳಿ. ಆದರೆ ಬಿಸಿ ಇಟ್ಟರೆ ನೋವು ಇಳಿಯುತ್ತದೆ ಅನ್ನುವುದು ಎರಡೂ ಕಡೆಯ ಹೆಂಗಸರಿಗೆ ಗೊತ್ತಿತ್ತು.

ಚಿ ಅನ್ನುವುದನ್ನು ನಾನು ಕಂಡಿಲ್ಲ, ಅದರ ಪರವಾಗಿ ವಾದ ಮಾಡುವುದಿಲ್ಲ. ಡಾಕ್ಟರುಗಳು ಹೇಳುವುದು ಇಷ್ಟು: ಪಾಳಿಯ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಜಾಸ್ತಿ ಆಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡಿಸುತ್ತದೆ. ಹಿಂಡಿದಾಗ ಆ ಸ್ನಾಯುವಿಗೇ ರಕ್ತ ಸರಿಯಾಗಿ ಹೋಗುವುದಿಲ್ಲ, ಅದಕ್ಕೇ ನೋವು. ಮಾತ್ರೆ ಆ ರಾಸಾಯನಿಕ ಹುಟ್ಟುವುದನ್ನೇ ತಡೆಯುತ್ತದೆ. ಉಜ್ಜಿದರೆ, ಒತ್ತಿದರೆ ಯಾಕೆ ಹಿತ ಅನ್ನುವುದಕ್ಕೂ ಒಂದು ವಿವರಣೆ ಇದೆ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದ್ದ ಹಾಗೆ ಅಂತ ಹೇಳಿದರು. ಸ್ಪರ್ಶದ ಸುದ್ದಿ ಹೊತ್ತ ನರಗಳು ಜೋರಾಗಿ ಕೆಲಸ ಮಾಡಿದರೆ ನೋವಿನ ಸುದ್ದಿಗೆ ಆ ಬಾಗಿಲು ಅರ್ಧ ಮುಚ್ಚುತ್ತದೆ. ಮಗು ಬಿದ್ದ ಕೂಡಲೇ ನಾವು ಮೊಣಕಾಲು ಉಜ್ಜುತ್ತೇವಲ್ಲ, ಅದೇ.

ಮಸಾಜ್ ಹೇಗಿರುತ್ತದೆ ಅಂತ ಎಷ್ಟೋ ಜನ ಕೇಳುತ್ತಾರೆ. ಹತ್ತಿಯ ತೆಳುವಾದ ಬಟ್ಟೆ ಹೊದಿಸಿ ಅದರ ಮೇಲಿಂದಲೇ ಜಾಸ್ತಿ ಕೆಲಸ. ಮೊದಲು ಅಂಗಾತ ಮಲಗಿಸಿದರು. ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಹೊಕ್ಕುಳ ಕೆಳಗೆ ಇಟ್ಟರು. ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸುತ್ತುತ್ತಾ, ಎಷ್ಟು ಹಗುರ ಅಂದರೆ ಇದೇನು ಮಸಾಜಾ ಅನಿಸುವಷ್ಟು ಹಗುರ. ಹೀಗೇ ಹತ್ತು ನಿಮಿಷ. ಐದನೇ ನಿಮಿಷಕ್ಕೆ ಹೊಟ್ಟೆಯ ಒಳಗೆ ಬಿಸಿ ಇಳಿಯುವುದು ಗೊತ್ತಾಗುತ್ತದೆ. ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗೆ ಗುವಾನ್‌ಯುವಾನ್ ಅನ್ನುವ ಜಾಗ, ಅಲ್ಲಿ ಹೆಚ್ಚು ಹೊತ್ತು. ಅಳತೆ ಎಲ್ಲ ರೋಗಿಯ ಬೆರಳಿನದೇ. ನನ್ನ ನಾಲ್ಕು ಬೆರಳು ನನಗೆ, ನಿಮ್ಮದು ನಿಮಗೆ. ಒಂದು ಹೆಬ್ಬೆರಳಿನ ಅಗಲ ಒಂದು ತ್ಸುನ್, ನಾಲ್ಕು ಬೆರಳು ಸೇರಿದರೆ ಮೂರು ತ್ಸುನ್. ನಮ್ಮ ಹಳೇ ಅಂಗುಲದ ಲೆಕ್ಕದ ಹಾಗೇ.

ಆಮೇಲೆ ಬೋರಲು. ಇದು ನನಗೆ ಎಲ್ಲಕ್ಕಿಂತ ಹಿತವಾದದ್ದು. ಅಂಗೈಯ ಹಿಂಬದಿಯನ್ನು, ಕಿರುಬೆರಳಿನ ಕಡೆಯಿಂದ, ಸೊಂಟದ ಎರಡೂ ಪಕ್ಕ ಲಟ್ಟಣಿಗೆಯ ಹಾಗೆ ಹೊರಳಿಸುತ್ತಾ ಹೋಗುತ್ತಾರೆ. ನೋಡುವುದಕ್ಕೆ ಸುಲಭ, ಕಲಿಯುವುದಕ್ಕೆ ತಿಂಗಳುಗಟ್ಟಲೆ ಬೇಕಂತೆ, ಅಕ್ಕ ಅಲ್ಲಿ ಅಕ್ಕಿ ಮೂಟೆಯ ಮೇಲೆ ಅಭ್ಯಾಸ ಮಾಡಿದ್ದರು. ಬೆನ್ನುಮೂಳೆಯ ಕೊನೆಗೆ ಒಂದು ತ್ರಿಕೋನದ ಮೂಳೆ ಇದೆಯಲ್ಲ, ಅದರಲ್ಲಿ ಎರಡು ಸಾಲಾಗಿ ನಾಲ್ಕು ನಾಲ್ಕು ತೂತುಗಳಿವೆ. ಚೀನಾದವರು ಅವಕ್ಕೆ ಬಾಲ್ಯಾವ್, ಎಂಟು ಕುಳಿ, ಅನ್ನುತ್ತಾರೆ. ಕಿಬ್ಬೊಟ್ಟೆಯ ಅಂಗಗಳಿಗೆ ಹೋಗುವ ನರಗಳಲ್ಲಿ ಕೆಲವು ಅಲ್ಲಿಂದಲೇ ಹೊರಬರುವುದು. ಹೆಬ್ಬೆರಳಿನಿಂದ ಒಂದೊಂದನ್ನೇ ಹುಡುಕಿ ಒತ್ತಿದಾಗ ನನ್ನ ಬಾಯಿಂದ ತಾನಾಗಿ 'ಅದೇ, ಅಲ್ಲೇ' ಅಂತ ಬಂತು. ಇಷ್ಟು ವರ್ಷ ನಾನು ಗೋಡೆಗೆ, ಕುರ್ಚಿಗೆ, ಬಾಗಿಲ ಅಂಚಿಗೆ ಒತ್ತಿಕೊಳ್ಳುತ್ತಿದ್ದ ಜಾಗ ಅದೇ ಆಗಿತ್ತು. ಕೊನೆಗೆ ಶುಂಠಿ ರಸ ಬೆರೆಸಿದ ಎಳ್ಳೆಣ್ಣೆ ಹಚ್ಚಿ ಆ ಮೂಳೆಯ ಮೇಲೆ ಅಂಗೈಯಿಂದ ಅಡ್ಡಡ್ಡ ಬೇಗ ಬೇಗ ಉಜ್ಜಿದರು. ಬಿಸಿ ಬೆನ್ನಿನಿಂದ ಹೊಟ್ಟೆಗೆ ದಾಟಬೇಕು, ಅಲ್ಲಿವರೆಗೂ ನಿಲ್ಲಿಸಬಾರದು ಅನ್ನುವುದು ಅವರು ಕಲಿತ ಪಾಠ.

ಕಾಲಿನ ಜಾಗವೂ ಮುಖ್ಯ. ಒಳಗಡೆಯ ಹರಡಿನ ಗುಬ್ಬದಿಂದ ನಾಲ್ಕು ಬೆರಳು ಮೇಲೆ, ಮೊಣಕಾಲ ಕೆಳಗಿನ ಮೂಳೆಯ ಹಿಂದಿನ ಅಂಚಿಗೆ ತಾಗಿದ ಹಾಗೆ. ಸಾನ್‌ಯಿನ್‌ಜಿಯಾವ್ ಅದರ ಹೆಸರು, ಮೂರು ದಾರಿ ಕೂಡುವ ಜಾಗ. ಪಾಳಿಯ ನೋವಿನ ಹೊತ್ತಿಗೆ ಮುಟ್ಟಿದರೆ ಸಾಕು, ಜೀವ ಹೋಗುವ ಹಾಗೆ ನೋಯುತ್ತದೆ.

ಮುಖ್ಯವಾದ ಒಂದು ಮಾತು. ಇದೆಲ್ಲ ನೋವು ಬಂದ ದಿನ ಮಾಡುವುದಲ್ಲ. ಪಾಳಿಗೆ ಆರೇಳು ದಿನ ಮುಂಚೆಯೇ ಶುರು ಮಾಡಬೇಕು, ಹೀಗೆ ಮೂರು ತಿಂಗಳು ನೋಡಬೇಕು. ಪಾಳಿ ಬಂದ ದಿನ ಬರೀ ಬಿಸಿ ಕೈ, ಕಾಲು, ಸೊಂಟದ ಕೆಳಗೆ ಉಜ್ಜುವುದು. ಹೊಟ್ಟೆಯನ್ನು ಗಟ್ಟಿಯಾಗಿ ಒತ್ತುವುದಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಅಕ್ಕ ಸಿಗುವ ಎರಡು ವರ್ಷ ಮುಂಚೆ 'ಚೈನೀಸ್ ಮಸಾಜ್' ಅಂತ ಬೋರ್ಡು ನೋಡಿ ಒಂದು ಪಾರ್ಲರಿಗೆ ಹೋಗಿದ್ದೆ, ಪಾಳಿಯ ಎರಡನೇ ದಿನ, ರಕ್ತ ಜೋರಾಗಿ ಹೋಗುತ್ತಿರುವಾಗ. ಆ ಹುಡುಗಿ ಏನೂ ಕೇಳಲಿಲ್ಲ. ಮೊಳಕೈ ಊರಿ ಹೊಟ್ಟೆ ಒತ್ತಿದಳು, ನೋವಾದರೇ ಗುಣ ಅಂದಳು. ಆ ರಾತ್ರಿ ರಕ್ತ ಇನ್ನೂ ಜಾಸ್ತಿ ಹೋಯಿತು, ಎರಡು ದಿನ ಏಳಲಾಗಲಿಲ್ಲ. ಕೇಳದೆ ಮುಟ್ಟುವ ಕೈಗೆ ದಯವಿಟ್ಟು ಮೈ ಕೊಡಬೇಡಿ. ಬಸುರಿ ಇರಬಹುದು ಅನ್ನುವ ಸಂಶಯ ಇದ್ದರೂ ಕೈಯ ಆ ಜಾಗ, ಕಾಲಿನ ಆ ಜಾಗ ಎರಡನ್ನೂ ಒತ್ತಬಾರದು ಅನ್ನುವುದು ಚೀನಾದವರದೇ ಕಟ್ಟುನಿಟ್ಟು. ಅಕ್ಕ ಟ್ರೇನಿನಲ್ಲಿ ಮೊದಲು ಕೇಳಿದ್ದು ಅದಕ್ಕೇ. ಕಾಲಿನಲ್ಲಿ ನರ ಉಬ್ಬಿದ್ದರೆ, ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಅಲ್ಲಿಗೂ ಕೈ ಹಾಕಬಾರದು.

ನನಗೆ ಏನಾಯಿತು? ಮೊದಲ ತಿಂಗಳು ಹೇಳಿಕೊಳ್ಳುವಂಥದ್ದೇನಿಲ್ಲ. ಎರಡನೇ ತಿಂಗಳು ವಾಂತಿ ಬರಲಿಲ್ಲ. ಮೂರನೇ ತಿಂಗಳು ಮೂರು ಮಾತ್ರೆಯ ಜಾಗದಲ್ಲಿ ಒಂದು. ಈಗ ಮೂರು ವರ್ಷ. ಕೆಲವು ತಿಂಗಳು ಒಂದೂ ಬೇಡ, ಕೆಲವು ತಿಂಗಳು, ಅದರಲ್ಲೂ ನಿದ್ದೆಗೆಟ್ಟ ತಿಂಗಳು, ಬೇಕೇ ಬೇಕು. ಆಗ ತಗೊಳ್ಳುತ್ತೇನೆ, ಅದರಲ್ಲಿ ನಾಚಿಕೆ ಇಲ್ಲ. ನೋವು ಏರಿದ ಮೇಲೆ ನುಂಗುವುದಕ್ಕಿಂತ ಶುರುವಿನಲ್ಲೇ ತಗೊಂಡರೆ ಕೆಲಸ ಮಾಡುತ್ತದೆ ಅಂತ ಡಾಕ್ಟರ್ ಹೇಳಿದ್ದಾರೆ. ನಾವೆಲ್ಲ ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ತರುವ ಮಾತ್ರೆಯಲ್ಲಿ ಇರುವುದು ಮೆಫೆನಾಮಿಕ್ ಆಸಿಡ್. 2023ರ ನವೆಂಬರ್ ಕೊನೆಗೆ ಔಷಧಗಳ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆಯಾದ ಭಾರತೀಯ ಫಾರ್ಮಕೋಪಿಯಾ ಆಯೋಗ ಅದರ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿತು, ಕೆಲವರಿಗೆ ಡ್ರೆಸ್ ಸಿಂಡ್ರೋಮ್ ಅನ್ನುವ ತೀವ್ರ ಅಲರ್ಜಿ ಬರಬಹುದು ಅಂತ. ಅಪರೂಪ ನಿಜ. ಆದರೂ ನುಂಗಿದ ಮೇಲೆ ಮೈಮೇಲೆ ದದ್ದು, ಜ್ವರ ಬಂದರೆ ಸುಮ್ಮನೆ ಇರಬೇಡಿ.

ಮಸಾಜಿನಿಂದ ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. 2016ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು ಪಾಳಿಯ ನೋವಿಗೆ ಸೂಜಿ ಮತ್ತು ಒತ್ತು ಚಿಕಿತ್ಸೆ ಮಾಡಿದ 42 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗುಣ ಇದೆ ಅಂತಲೂ ಇಲ್ಲ ಅಂತಲೂ ಹೇಳುವಷ್ಟು ಗಟ್ಟಿ ಪುರಾವೆ ಸಿಗಲಿಲ್ಲ, ಅಧ್ಯಯನಗಳೇ ಕಚ್ಚಾ ಅಂದರು. ಇದನ್ನು ಅಕ್ಕನಿಗೆ ಓದಿ ಹೇಳಿದೆ. ಅವರಿಗೆ ಬೇಸರವಾಗಲಿಲ್ಲ. 'ಒಳ್ಳೇ ಅಧ್ಯಯನ ಮಾಡಲಿ, ಎಷ್ಟೋ ಹೆಣ್ಣುಮಕ್ಕಳಿಗೆ ಉಪಕಾರ ಆಗ್ತದೆ' ಅಂದರು. ನನಗೂ ಅದೇ ಅನಿಸುತ್ತದೆ. ಹೆಂಗಸರ ನೋವಿನ ಬಗ್ಗೆ ಒಳ್ಳೆಯ ಅಧ್ಯಯನ ಆಗಬೇಕು, ಬೇಗ ಆಗಬೇಕು.

ಆದರೆ ಆ ಒಂದು ಪ್ರಶ್ನೆ ಎಷ್ಟು ಬೆಲೆಯದು ಅಂತ ನನಗೆ ಮನದಟ್ಟಾಗಿದ್ದು ನನ್ನ ತಂಗಿಯಿಂದ. ಚಿಕ್ಕಪ್ಪನ ಮಗಳು, ಕಲ್ಯಾಣದಲ್ಲಿ ಇರುತ್ತಾಳೆ. ನನಗೆ ಗುಣ ಕಂಡಿತಲ್ಲ, ಖುಷಿಯಿಂದ ಅವಳನ್ನು ಠಾಕುರ್ಲಿಗೆ ಕರೆದುಕೊಂಡು ಹೋದೆ. ಅಕ್ಕ ಅದೇ ಪ್ರಶ್ನೆಗಳನ್ನು ಕೇಳಿದರು. ಒತ್ತಿದರೆ ಬೇಡ, ಬಟ್ಟೆ ತಾಗಿದರೂ ಬೇಡ ಅಂದಳು. ಪಾಳಿ ಇಲ್ಲದ ದಿನವೂ ನೋವು. ಪಾಳಿಯ ದಿನ ಸಂಡಾಸಿಗೆ ಕೂತರೆ ಚೂರಿ ಹಾಕಿದ ಹಾಗೆ. ಗಂಡನ ಜೊತೆಗಿದ್ದಾಗಲೂ. ವರ್ಷದಿಂದ ವರ್ಷಕ್ಕೆ ಜಾಸ್ತಿಯೇ ಆಗುತ್ತಿದೆ. ಅಕ್ಕ ಪೆನ್ನು ಕೆಳಗಿಟ್ಟರು. 'ಇದು ನನ್ನ ಕೈಯಲ್ಲಿ ಆಗುವುದಲ್ಲ ಮಗಾ, ಹೆಂಗಸರ ಡಾಕ್ಟರಿಗೆ ತೋರಿಸು, ಇದನ್ನೆಲ್ಲ ಬರೆದುಕೊಂಡು ಹೋಗು' ಅಂದರು. ದುಡ್ಡು ತಗೊಳ್ಳಲಿಲ್ಲ. ಸೋನೋಗ್ರಫಿ ಮಾಡಿಸಿದಾಗ ಎಲ್ಲಾ ಸರಿ ಇದೆ ಅಂತ ಬಂತು. ಮನೆಯವರು 'ನೋಡು, ಏನಿಲ್ಲ' ಅಂದರು. ಅವಳು ತಾನು ಬರೆದುಕೊಂಡಿದ್ದ ಚೀಟಿ ಹಿಡಿದು ಇನ್ನೊಬ್ಬ ಡಾಕ್ಟರ ಹತ್ತಿರ ಹೋದಳು. ಆಕೆ ಪೂರ್ತಿ ಓದಿದರು. ಕೊನೆಗೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೋಸ್ಕೋಪಿಯಲ್ಲಿ ಎಂಡೊಮೆಟ್ರಿಯೋಸಿಸ್ ಸಿಕ್ಕಿತು. ಗರ್ಭಕೋಶದ ಒಳಪದರದಂಥದೇ ಪದರ ಹೊರಗಡೆ, ಅಂಡಾಶಯದ ಹತ್ತಿರ, ಕರುಳಿನ ಹತ್ತಿರ ಬೆಳೆಯುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 100ಕ್ಕೆ 10 ಜನರಿಗೆ ಇದೆ. ಸೋನೋಗ್ರಫಿಯಲ್ಲಿ ಕಾಣದೆಯೂ ಇರಬಹುದು. ಅವಳಿಗೆ ಆಗ 29. ನೋವು ಶುರುವಾಗಿದ್ದು 16ಕ್ಕೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಮಸಾಜ್ ಮಾಡಿಸಿಕೊಳ್ಳಿ, ಬಿಡಿ. ಈ ತಿಂಗಳು ಒಂದು ಹಾಳೆ ತಗೊಂಡು ಅಕ್ಕ ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಯಾವ ಡಾಕ್ಟರ ಮುಂದೆ ಕೂತರೂ ಆ ಹಾಳೆ ಕೆಲಸಕ್ಕೆ ಬರುತ್ತದೆ.

ಹೋದ ದೀಪಾವಳಿಗೆ ಅವ್ವ ಅಕ್ಕಲಕೋಟೆಯಿಂದ ಬಂದಿದ್ದಳು. ರಾತ್ರಿ ನಾನು ಮಂಚದ ಮೇಲೆ ಕೂತು ಕಾಲಿನ ಆ ಜಾಗ ಒತ್ತಿಕೊಳ್ಳುತ್ತಿದ್ದೆ. ಪಾಳಿಗೆ ಇನ್ನೂ ನಾಲ್ಕು ದಿನ ಇತ್ತು. ನೋಡುತ್ತಾ ಕೂತವಳು 'ನನಗೂ ಭಾಳ ನೂಸ್ತಿತ್ತು' ಅಂದಳು. ಅವ್ವನಿಗೆ ಈಗ 58. ಮುಟ್ಟು ನಿಂತು ಎಂಟು ವರ್ಷವಾಗಿದೆ. ಇದನ್ನು ನನಗೆ ಅವಳು ಯಾವತ್ತೂ ಹೇಳಿರಲಿಲ್ಲ. ನಾನು ಅಕ್ಕನ ಹಾಗೆ ಒಂದೊಂದೇ ಕೇಳುತ್ತಾ ಹೋದೆ. ಯಾವ ದಿನ ಶುರು, ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತು, ಗಂಟು ಹೋಗುತ್ತಿತ್ತಾ. ಅವಳು ನಿನ್ನೆಯದನ್ನು ಹೇಳಿದ ಹಾಗೆ ಎಲ್ಲದಕ್ಕೂ ಉತ್ತರ ಕೊಟ್ಟಳು. ಕಡಲೆ ರಾಶಿಯ ಹೊತ್ತಿಗೆ ಹೊಲದಲ್ಲಿ ಬಗ್ಗಿ ನಿಂತಾಗ ಕಣ್ಣು ಕತ್ತಲೆ ಬರುತ್ತಿತ್ತಂತೆ, ಅದೂ ನೆನಪಿತ್ತು. 'ಒತ್ತಿದ್ರ ಹಿತ ಅನಸ್ತಿತ್ತೇನವ್ವ?' ಅಂತ ಕೇಳಿದೆ.

'ಯಾರ ಒತ್ತಿ ನೋಡ್ಯಾರ' ಅಂದಳು.

ಎಳ್ಳೆಣ್ಣೆ ಬಿಸಿ ಮಾಡಿ ತಂದೆ. ಬೋರಲು ಮಲಗಿಸಿ ಸೊಂಟದ ಕೆಳಗಿನ ಆ ಎಂಟು ಕುಳಿಗಳನ್ನು ಹೆಬ್ಬೆರಳಿನಿಂದ ಹುಡುಕಿದೆ. ಅವ್ವ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ದಿಂಬಿನಲ್ಲಿ ಮುಖ ಇಟ್ಟುಕೊಂಡೇ, 'ಹೂಂ, ಅಲ್ಲೇ. ಇನ್ನೊಂದೀಟ ಕೆಳಗ' ಅಂದಳು.